ಎಡಗೆನ್ನೆಯ ಮಚ್ಚೆ

ಸ್ಮೃತಿಲೇಖಿ ಕೆಲಸ ಮಾಡುವಾಗ ಹಳೆಯ ಫ್ರಿಜ್ಜಿನ ಹಾಗೆ ಗುಂಯ್ ಎನ್ನುತ್ತದೆ, ಅಷ್ಟೆ. ಎದುರಿಗೆ ಕೂತವರ ತಲೆಗೆ ಬಟ್ಟೆಯ ಟೋಪಿಯೊಂದನ್ನು ಬಿಗಿದು, ಕಣ್ಣು ಮುಚ್ಚಿಸಿ, ಯಾರನ್ನು ನೋಡಬೇಕೋ ಅವರನ್ನು ನೆನೆಯಿರಿ ಎನ್ನುತ್ತಾರೆ. ಹದಿನೆಂಟು ನಿಮಿಷ ಕಳೆದ ಮೇಲೆ ಪಕ್ಕದ ಮುದ್ರಕದಿಂದ ಒಂದು ಹಾಳೆ ಹೊರಗೆ ಬರುತ್ತದೆ. ಅದರ ಮೇಲೆ, ತೀರಿಕೊಂಡು ಎಷ್ಟೋ ವರ್ಷವಾದವರ ಮುಖ ಇರುತ್ತದೆ. ಮೈಸೂರಿನ ಜನ ಇದನ್ನು ಸ್ಮೃತಿಲೇಖಿ ಎಂದು ಕರೆಯುವ ಗೋಜಿಗೆ ಹೋಗಲಿಲ್ಲ. 'ಮುಖದ ಮಿಷನ್ನು' ಎಂದರೆ ಆಟೋದವರಿಗೂ ದಾರಿ ಗೊತ್ತಿತ್ತು.

ಇಂಥದ್ದೊಂದು ಯಂತ್ರದ ಅಗತ್ಯ ಏಕೆ ಬಿತ್ತು ಎಂದು ಕೇಳಬಹುದು. ಕೈಕೈಗೆ ಫೋನು ಬಂದ ಮೇಲೆ ಜನ ತೆಗೆದಷ್ಟು ಫೋಟೋಗಳನ್ನು ಅದಕ್ಕೆ ಹಿಂದೆ ಯಾರೂ ತೆಗೆದಿರಲಿಲ್ಲ. ತಿಂದ ದೋಸೆಯನ್ನೂ ಬಿಡದೆ ತೆಗೆದರು, ಪುಣ್ಯಾತ್ಮರು! ಆದರೆ ಫೋನುಗಳು ಕೆಟ್ಟವು, ಪಾಸ್‌ವರ್ಡುಗಳು ಮರೆತುಹೋದವು, ಫೋಟೋಗಳನ್ನು ಜೋಪಾನ ಮಾಡುತ್ತೇವೆಂದ ಕಂಪನಿಗಳು ಬಾಗಿಲು ಹಾಕಿದವು. ಐವತ್ತು ವರ್ಷದ ನಂತರ ನೋಡಿದರೆ ಗೋಡೆಗೆ ಹಾಕಲು ಒಂದು ಪಟವಿಲ್ಲ. ಅಜ್ಜಿಯರಂತೂ ಆಗಲೇ ಕೈಗೆ ಸಿಗುತ್ತಿರಲಿಲ್ಲ. "ನಂದೇನ್ ಫೋಟೋ, ಮಕ್ಕಳದ್ದು ತೆಗಿ" ಎಂದು ಸೆರಗು ಅಡ್ಡ ಹಿಡಿದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಆದ್ದರಿಂದ ಮುಖದ ಮಿಷನ್ನಿಗೆ ಬಂದವರಲ್ಲಿ ಮುಕ್ಕಾಲು ಪಾಲು ಜನ ಕೇಳುತ್ತಿದ್ದದ್ದು ಅಜ್ಜಿಯ ಮುಖವನ್ನೇ.

ಆ ದಿನ ಬೆಳಿಗ್ಗೆ ಕೂತಿದ್ದವರು ಗಾಂಧಿನಗರದಲ್ಲಿ ಬ್ಲೌಸ್ ಹೊಲಿಯುವ ಸೌಭಾಗ್ಯಮ್ಮ. ವಯಸ್ಸು ಐವತ್ತಮೂರು. ಹಾಳೆ ಕೈಗೆ ಬಂದಾಗ ಉಳಿದವರೆಲ್ಲ ಅಳುತ್ತಾರೆ, ಕಣ್ಣಿಗೊತ್ತಿಕೊಳ್ಳುತ್ತಾರೆ. ಸೌಭಾಗ್ಯಮ್ಮ ಹಾಗೇನೂ ಮಾಡದೆ ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದರು.

"ಇದು ನಮ್ಮಜ್ಜಿ ಅಲ್ಲ ಮೇಡಂ. ಇದು ಪುಸ್ತಕದಜ್ಜಿ."

ಯಂತ್ರವನ್ನು ಕಂಡುಹಿಡಿದ ಡಾಕ್ಟರ್ ರುಬಿನಾ ಗಾಬರಿಯಾದರು. "ಯಾವ ಪುಸ್ತಕ?"

"ಎರಡನೇ ಕ್ಲಾಸಿಂದು. ಅಜ್ಜಿ ಅವರೆಕಾಯಿ ಸುಲೀತಾ ಕೂತಿರ್ತಾಳಲ್ಲ, ಅಳಿಲು ಬಂದು ಕಾಳು ಎತ್ಕೊಂಡು ಹೋಗುತ್ತೆ. ನೀವು ಕನ್ನಡ ಸ್ಕೂಲಲ್ಲಿ ಓದಿಲ್ವಾ?"

ರುಬಿನಾ ಓದಿದ್ದರು. ಅವರು ಹಾಳೆಯನ್ನು ಎತ್ತಿ ನೋಡಿದರು. ಗುಂಡು ಮುಖ, ಹಣೆಯಲ್ಲಿ ಕಾಸಿನಗಲದ ಕುಂಕುಮ, ಮೂಗುಬೊಟ್ಟು, ಎಡಗೆನ್ನೆಯ ಮೇಲೆ ಒಂದು ಮಚ್ಚೆ.

"ನಮ್ಮಜ್ಜಿ ಹೆಸರು ಚೌಡಮ್ಮ," ಸೌಭಾಗ್ಯಮ್ಮ ಮುಂದುವರಿಸಿದರು. "ಆ ಪುಸ್ತಕ ಅಚ್ಚಾಗ್ತಿದ್ದ ಪ್ರೆಸ್ಸಲ್ಲೇ ಹಾಳೆ ಮಡಚಿ ಹೊಲಿಗೆ ಹಾಕೋ ಕೆಲಸ. ಪುಸ್ತಕ ಬಂದಾಗ ಕೇರಿಗೆಲ್ಲ ಹೇಳ್ಕೊಂಡು ಬಂತು, ಇದು ನಾನೇ ಕಣ್ರೋ, ನನ್ನ ಕೂರಿಸ್ಕೊಂಡು ಬರೆದ್ರು ಅಂತ. ಯಾರು ನಂಬ್ತಾರೆ? ಅಂಟು ಕಾಯಿಸೋವಾಗ ಕುದಿಯೋ ಮೈದಾ ಹಾರಿ ನಮ್ಮಜ್ಜಿ ಕೆನ್ನೇಲಿ ಇಷ್ಟಗಲ ಸುಟ್ಟ ಕಲೆ ಇತ್ತು. ಚಿತ್ರದಲ್ಲಿ ಎಲ್ಲಿದೆ ಕಲೆ? ಕುಂಕುಮ ಬೇರೆ! ತಾತ ಸತ್ತ ಮೇಲೆ ಅಜ್ಜಿ ಹಣೆಗೆ ಏನೂ ಇಟ್ಟೋಳಲ್ಲ. ಸ್ಕೂಲಲ್ಲಿ ನಂಗೆ ಸುಳ್ಳಜ್ಜಿ ಮೊಮ್ಮಗಳು ಅಂತಲೇ ಹೆಸರು ಬಿತ್ತು. ಅತ್ತೂ ಅತ್ತೂ, ಚಿತ್ರ ಬರೆದೋರನ್ನೇ ಕೇಳೋಣ ಬಾ ಅಂತ ನಾನೇ ಹಟ ಮಾಡಿ ಅಜ್ಜೀನ ಕರ್ಕೊಂಡು ಹೋದೆ. ಅವರು ಅಲ್ಲ ಅಂದ್ಬಿಟ್ರು."

"ಆಮೇಲೆ?"

"ಆಮೇಲೇನು, ದಾರೀಲಿ ನಾನೂ ಸುಳ್ಳಿ ಅಂದೆ. ಏಳು ವರ್ಷ ನಂಗೆ. ಅಜ್ಜಿ ಆ ಮಾತು ಇನ್ನೊಂದ್ಸಲ ಎತ್ಲಿಲ್ಲ. ಮುಂದಿನ ವರ್ಷ ಹೋಗೇಬಿಡ್ತು." ಸೌಭಾಗ್ಯಮ್ಮ ಮೂಗು ಒರೆಸಿಕೊಂಡರು. "ಇದ್ದಿದ್ದು ಒಂದೇ ಒಂದು ಗುರುತಿನ ಚೀಟಿ, ಅದ್ರಲ್ಲಿ ಫೋಟೋ ಬರೀ ಕಪ್ಪು. ಸುಳ್ಳು ಹೇಳಿದ್ರೆ ಹೇಳ್ಕೊಳ್ಳಲಿ ಬಿಡಿ, ನಂಗೆ ನಮ್ಮಜ್ಜಿ ಮುಖ ಬೇಕು. ನಿಮ್ ಮಿಷನ್ನೂ ಆ ಪುಸ್ತಕದೋಳನ್ನೇ ಕೊಟ್ರೆ ನಾನ್ ಎಲ್ಲಿಗೆ ಹೋಗ್ಲಿ?"

ಅವರು ಹೋದ ಮೇಲೆ ರುಬಿನಾ ಬಾಗಿಲು ಹಾಕಿಕೊಂಡು ಮೇಜಿನ ಕೆಳಗಿನ ಡ್ರಾಯರ್ ತೆಗೆದರು. ಅದರಲ್ಲಿ ಒಂದು ವರ್ಷದಿಂದ ಬೋರಲು ಹಾಕಿಟ್ಟ ಹಾಳೆಯೊಂದಿತ್ತು. ಯಂತ್ರ ತಯಾರಾದ ಮೊದಲ ವಾರದಲ್ಲೇ ಅವರು ತಮ್ಮ ನಾನಿಯ, ಅಂದರೆ ತಾಯಿಯ ಅಮ್ಮನ, ಮುಖವನ್ನು ತೆಗೆದು ನೋಡಿದ್ದರು. ಮಂಡಿ ಮೊಹಲ್ಲಾದ ಮನೆಯಲ್ಲಿ ಐದು ಹೊತ್ತು ನಮಾಜು ಮಾಡುತ್ತಿದ್ದ ನಾನಿ ಹಣೆಯ ಮೇಲೆ ಕುಂಕುಮವಿಟ್ಟುಕೊಂಡು ಹೊರಬಂದಿದ್ದರು! ತನ್ನ ತಲೆಯದೇ ಏನೋ ದೋಷ, ಯಂತ್ರದ್ದಲ್ಲ ಎಂದು ರುಬಿನಾ ತಮಗೆ ತಾವೇ ಹೇಳಿಕೊಂಡಿದ್ದರು. ಸಾವಿರದ ನೂರು ಜನರಿಗೆ ಮುಖ ಹಂಚಿದ ಮೇಲೂ ಹಾಗೆಯೇ ಹೇಳಿಕೊಳ್ಳುತ್ತಿದ್ದರು. ಅದು ಸುಳ್ಳೆಂದು ಅವರ ಒಳಗೆ ಯಾರಿಗೋ ಗೊತ್ತಿತ್ತು.

ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟರು. ಮುಖ ಒಂದೇ. ಮಚ್ಚೆ ಮಾತ್ರ ಸೌಭಾಗ್ಯಮ್ಮನ ಹಾಳೆಯಲ್ಲಿ ಎಡಗೆನ್ನೆಗಿತ್ತು, ನಾನಿಯ ಹಾಳೆಯಲ್ಲಿ ಬಲಗೆನ್ನೆಗೆ. ರುಬಿನಾ ಕಡತದಲ್ಲಿದ್ದ ಉಳಿದ ಅಜ್ಜಿಯರನ್ನೂ ತೆಗೆಸಿದರು. ಬಸ್ ಕಂಡಕ್ಟರನ ಅಜ್ಜಿ, ನ್ಯಾಯಾಧೀಶರ ಅಜ್ಜಿ, ಚರ್ಚಿನ ಪಕ್ಕದ ಮೇರಿಯಮ್ಮನ ಅಜ್ಜಿ. ಕೆಲವರಿಗೆ ಮಚ್ಚೆ ಎಡಕ್ಕೆ, ಕೆಲವರಿಗೆ ಬಲಕ್ಕೆ. ಮುಖ ಮಾತ್ರ ಅದೇ.

ಮರುದಿನ ಅವರು ಸರಸ್ವತಿಪುರಂನಲ್ಲಿ ಅಂಬಿಕಮ್ಮನವರ ಮನೆಯ ಗಂಟೆ ಒತ್ತಿದರು.

ಅಂಬಿಕಮ್ಮ ಯಾರೆಂದು ಆ ಊರಿನ ಮಕ್ಕಳಿಗೆ ಹೇಳಬೇಕಾಗಿರಲಿಲ್ಲ. ಎಪ್ಪತ್ತೊಂದು ವರ್ಷ. ಅವರ ತಂದೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಅವರ ಡಬ್ಬಗಳಲ್ಲಿ ಉಳಿದ ಬಣ್ಣದಲ್ಲೇ ಅಂಬಿಕಾ ಕೈ ಪಳಗಿಸಿಕೊಂಡಿದ್ದಳು. ಇಪ್ಪತ್ತೈದನೇ ವಯಸ್ಸಿಗೆ ಎರಡನೇ ತರಗತಿಯ ಪಠ್ಯಪುಸ್ತಕಕ್ಕೆ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಅಲ್ಲಿಂದ ಮುಂದಕ್ಕೆ ಮುನ್ನೂರಕ್ಕೂ ಹೆಚ್ಚು ಮಕ್ಕಳ ಪುಸ್ತಕಗಳು, ಮೂರು ಪ್ರಶಸ್ತಿಗಳು, ಚೀಲಗಟ್ಟಲೆ ಪತ್ರಗಳು. 'ನಿಮ್ಮ ಅಜ್ಜಿ ನಮ್ಮ ಮನೆಗೆ ಬರಲಿ' ಎಂದು ವಕ್ರ ಅಕ್ಷರದಲ್ಲಿ ಬರೆದ ಮಕ್ಕಳು ಲೆಕ್ಕಕ್ಕಿಲ್ಲ. ಆ ಪತ್ರಗಳನ್ನು ಅಂಬಿಕಮ್ಮ ಎಂದೂ ಎರಡನೇ ಸಲ ಓದುತ್ತಿರಲಿಲ್ಲ. ವಿನಯ ಎಂದು ಎಲ್ಲರೂ ಹೊಗಳುತ್ತಿದ್ದರು.

ರುಬಿನಾ ಹಾಳೆಗಳನ್ನು ಹರಡಿದಾಗ ಅಂಬಿಕಮ್ಮ ಕನ್ನಡಕ ಸರಿಮಾಡಿಕೊಂಡು ನಕ್ಕರು. "ಅಯ್ಯೋ, ಇವೆಲ್ಲ ನನ್ನ ಅಜ್ಜಿಗಳೇ. ಯಾರಮ್ಮ ಇಷ್ಟು ನಕಲು ತೆಗೆದೋರು?"

"ಯಾರೂ ನಕಲು ತೆಗೀಲಿಲ್ಲ ಮೇಡಂ. ಇವು ಜನರ ತಲೆಯಿಂದ ಬಂದವು. ಪ್ರತಿಯೊಬ್ಬರೂ ತಮ್ಮ ತಮ್ಮ ಸ್ವಂತ ಅಜ್ಜೀನ ನೆನೆಸ್ಕೊಂಡಿದ್ರು."

"ಅರ್ಥ ಆಗ್ಲಿಲ್ಲ."

ರುಬಿನಾ ವಿವರಿಸಿದರು. ನಮ್ಮ ಮೆದುಳು ಮುಖವನ್ನು ಫೋಟೋದ ಹಾಗೆ ಇಟ್ಟುಕೊಳ್ಳುವುದಿಲ್ಲ. ತುಣುಕುಗಳಾಗಿ ಇಟ್ಟುಕೊಂಡು, ನೆನೆದಾಗಲೆಲ್ಲ ಹೊಸದಾಗಿ ಜೋಡಿಸುತ್ತದೆ. ಜೋಡಿಸಿದ್ದನ್ನೇ ಮತ್ತೆ ಒಳಗಿಡುತ್ತದೆ. ವರ್ಷ ಕಳೆದಂತೆ ತುಣುಕುಗಳು ಸವೆಯುತ್ತವೆ. ಸವೆದ ಜಾಗಕ್ಕೆ ಹತ್ತಿರದಲ್ಲಿ ಸಿಕ್ಕ ಗಟ್ಟಿಯಾದ ಚಿತ್ರವನ್ನು ತಂದು ತೇಪೆ ಹಾಕುತ್ತದೆ. ಆರೇಳು ವರ್ಷದ ಮಕ್ಕಳು ಒಂದೇ ಅಜ್ಜಿಯ ಚಿತ್ರವನ್ನು ವರ್ಷವಿಡೀ, ದಿನವೂ ನೋಡಿದ್ದರು. ತೇಪೆ ಬೆಳೆಯುತ್ತಾ ಹೋಗಿ, ಕೊನೆಗೆ ಮೂಲ ಬಟ್ಟೆಯೇ ಉಳಿಯಲಿಲ್ಲ. "ನಮ್ಮ ನಾನಿ ಹಣೆಗೂ ಕುಂಕುಮ ಬಂದಿದೆ ಮೇಡಂ," ಎಂದು ರುಬಿನಾ ಕೊನೆಗೆ ಹೇಳಿದರು. "ಒಂದು ವಿಷಯ ಗೊತ್ತಾಗ್ತಿಲ್ಲ. ಮಚ್ಚೆ ಕೆಲವರಿಗೆ ಎಡಗಡೆ, ಕೆಲವರಿಗೆ ಬಲಗಡೆ ಯಾಕೆ?"

ಅಂಬಿಕಮ್ಮನ ನಗು ಆಗಲೇ ಹೋಗಿತ್ತು. ಅವರು ಎದ್ದು ಕಪಾಟಿನಿಂದ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದರು. ಒಳಗೆ ಹಳದಿ ತಿರುಗಿದ ಬಟರ್ ಪೇಪರ್ ಹಾಳೆಯಿತ್ತು. ಅದರ ಮೇಲೆ ಅದೇ ಮುಖ.

"ಇದೊಂದೇ ಹಾಳೆ. ಹಿಂದುಗಡೆ ಪೆನ್ಸಿಲ್ ಉಜ್ಜಿ, ಕೆಳಗೆ ಕಾಗದ ಇಟ್ಟು ಗೆರೆ ಮೇಲೆ ತೀಡಿದ್ರೆ ಮುಖ ಇಳಿಯುತ್ತೆ. ನಾವೆಲ್ಲ ಹಾಗೇ ಮಾಡ್ತಿದ್ದಿದ್ದು, ಕೆಲಸ ಬೇಗ ಆಗ್ಲಿ ಅಂತ. ಮೂರನೇ ಕ್ಲಾಸಿನ ಪುಸ್ತಕದಲ್ಲಿ ಅಜ್ಜಿ ಆ ಕಡೆ ತಿರುಗಬೇಕಿತ್ತು. ಹಾಳೇನೇ ಮಗುಚಿ ಹಾಕ್ದೆ. ಮಚ್ಚೆ ಬಲಕ್ಕೆ ಹೋಯ್ತು. ಒಬ್ಬರೂ ಗಮನಿಸ್ಲಿಲ್ಲ."

"ಮಚ್ಚೆ ಯಾಕೆ ಇಟ್ರಿ?"

ಮೇಲಿದ್ದ ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು ಅಂಬಿಕಮ್ಮ ಓದುತ್ತಿದ್ದರು. 'ಕೇಳಿದವರು: ಸೌಭಾಗ್ಯ. ನೆನೆದದ್ದು: ಅಜ್ಜಿ ಚೌಡಮ್ಮ, ಪ್ರೆಸ್ಸಿನ ಕೆಲಸ.'

"ಈಕೆ ಏನಂದ್ರು?" ಎಂದರು ಅಂಬಿಕಮ್ಮ.

ರುಬಿನಾ ಎಲ್ಲವನ್ನೂ ಹೇಳಿದರು.

ನಲವತ್ತಾರು ವರ್ಷದ ಹಿಂದೆ ನಡೆದದ್ದು ಇಷ್ಟು. ಪ್ರೆಸ್ಸಿನ ಅಂಗಳದಲ್ಲಿ ಕಾಗದದ ಬಂಡಲಿನ ಮೇಲೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದ ಚೌಡಮ್ಮನನ್ನು ಅಂಬಿಕಾ ಅರ್ಧ ಗಂಟೆ ಅಲ್ಲಾಡದೆ ಕೂರಿಸಿ ಬರೆದುಕೊಂಡಿದ್ದಳು. ಕೆನ್ನೆಯ ಸುಟ್ಟ ಕಲೆಯನ್ನೂ ಬಿಡದೆ ಬರೆದಿದ್ದಳು. ಅದಕ್ಕೆ ಮೊದಲೂ ಅಂಥ ಚಿತ್ರ ಅವಳ ಕೈಯಿಂದ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಪಠ್ಯಪುಸ್ತಕ ಸಮಿತಿಯ ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು. "ಇದೇನಮ್ಮ, ಮಕ್ಕಳು ಹೆದರ್ಕೊಳ್ಳಲ್ವಾ? ಹಣೆ ಬೇರೆ ಬೋಳು. ಕೂಲಿಯೋಳ ಥರ ಇದ್ದಾಳೆ. ಮನೆ ಅಜ್ಜಿ ಥರ ಮಾಡು." ಅಂಬಿಕಾ ಬ್ಲೇಡಿನಿಂದ ಅದೇ ಬಟರ್ ಪೇಪರ್ ಹಾಳೆಯ ಮೇಲಿನ ಕಲೆಯನ್ನು ಹೆರೆದಳು, ಕುಂಕುಮ ಇಟ್ಟಳು, ಒಣಗಿದ ಕೆನ್ನೆಗಳನ್ನು ದುಂಡಗೆ ಮಾಡಿದಳು. ಹೆರೆದ ಜಾಗದಲ್ಲಿ ಶಾಯಿ ಇಂಗಿ ಒಂದು ಚುಕ್ಕೆ ಉಳಿಯಿತು. ಏನು ಮಾಡಿದರೂ ಅದು ಹೋಗಲಿಲ್ಲ. ಅದನ್ನೇ ಮಚ್ಚೆ ಮಾಡಿದಳು.

ಪುಸ್ತಕ ಬಂದ ಮೂರನೇ ವಾರ ಚೌಡಮ್ಮ ಮೊಮ್ಮಗಳ ಕೈ ಹಿಡಿದುಕೊಂಡು ಸಮಿತಿಯ ಕಚೇರಿಯ ಬಾಗಿಲಿಗೆ ಬಂದರು. ಒಳಗೆ ಅಧ್ಯಕ್ಷರು ಅಂಬಿಕಾಳ ಕಲ್ಪನಾಶಕ್ತಿಯನ್ನು ಹೊಗಳಿ, ಮೂರನೇ ತರಗತಿಯ ಪುಸ್ತಕವನ್ನೂ ಅವಳಿಗೇ ಕೊಡುವ ಮಾತಾಡುತ್ತಿದ್ದರು. "ಇದು ನಾನೇ ಅಲ್ವಾ ತಾಯಿ? ಈ ಮಗೂಗೆ ಒಂದು ಮಾತು ಹೇಳ್ಬಿಡಿ," ಎಂದು ಚೌಡಮ್ಮ ಪುಸ್ತಕ ಚಾಚಿದರು. ಅಂಬಿಕಾ ಅಧ್ಯಕ್ಷರ ಮುಖ ನೋಡಿದಳು. ಆಮೇಲೆ ಆ ಮುದುಕಿಯ ಮುಖ ನೋಡಿ ಹೇಳಿದಳು: "ಇಲ್ಲಮ್ಮ, ಇದು ಬರೀ ಕಲ್ಪನೆ. ನೋಡಿ, ನಿಮ್ಮ ಕೆನ್ನೇಲಿ ಅಷ್ಟು ದೊಡ್ಡ ಕಲೆ ಇದೆ. ಇದರಲ್ಲಿ ಇದೆಯಾ?"

ಕಲೆಯನ್ನು ತನ್ನ ಕೈಯಾರೆ ಹೆರೆದು, ಅದು ಇಲ್ಲದ್ದನ್ನೇ ಸಾಕ್ಷಿ ಮಾಡಿದ್ದಳು. ಚೌಡಮ್ಮ ಕೆನ್ನೆ ಮುಟ್ಟಿಕೊಂಡು, "ಹೌದಲ್ವಾ" ಎಂದು ಹೊರಟುಹೋದರು. ಮೂರು ಪ್ರಶಸ್ತಿ ಸಮಾರಂಭಗಳಲ್ಲೂ, ಶಾಲು ಹೊದಿಸುವ ಹೊತ್ತಿಗೆ ಸರಿಯಾಗಿ, ಅಂಬಿಕಮ್ಮನಿಗೆ ಆ 'ಹೌದಲ್ವಾ' ಕೇಳಿಸಿತ್ತು.

"ಅದು ಅವರೇ," ಎಂದರು ಅಂಬಿಕಮ್ಮ ರುಬಿನಾಗೆ. "ನಾನು ಸುಳ್ಳು ಹೇಳ್ದೆ. ನನ್ನನ್ನ ಮೊದಲು ನಿಮ್ಮ ಯಂತ್ರದಲ್ಲಿ ಕೂರಿಸಿ. ನಾನು ಅವರನ್ನ ಎದುರಿಗೆ ಕೂರಿಸ್ಕೊಂಡು ಬರೆದವಳು. ನನ್ನ ತಲೇಲಿ ಇದ್ದೇ ಇರುತ್ತೆ. ಅದನ್ನ ತಗೊಂಡು ಆಕೆ ಹತ್ರ ಹೋಗ್ತೀನಿ."

ಹದಿನೆಂಟು ನಿಮಿಷ ಕಣ್ಣುಮುಚ್ಚಿ ಕೂತರು. ಹೊರಬಂದದ್ದು ಗುಂಡು ಮುಖ, ಕುಂಕುಮ, ಮಚ್ಚೆ. ಮುನ್ನೂರು ಪುಸ್ತಕಗಳಲ್ಲಿ ತೀಡಿ ತೀಡಿ, ಎಲ್ಲರಿಗಿಂತ ಚೆನ್ನಾಗಿ ಚೌಡಮ್ಮನನ್ನು ಅಳಿಸಿಕೊಂಡವರು ಅಂಬಿಕಮ್ಮನೇ ಆಗಿದ್ದರು.

ಅವರು ಬರಿಗೈಯಲ್ಲೇ ಗಾಂಧಿನಗರಕ್ಕೆ ಹೋದರು. ರುಬಿನಾ ಜೊತೆಗಿದ್ದರು. ಸೌಭಾಗ್ಯಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಬ್ಲೌಸಿಗೆ ತೋಳು ಜೋಡಿಸುತ್ತಿದ್ದರು. ಅಂಬಿಕಮ್ಮ ನಿಂತುಕೊಂಡೇ ಎಲ್ಲವನ್ನೂ ಹೇಳಿದರು, ಬ್ಲೇಡನ್ನೂ ಮುಚ್ಚಿಡಲಿಲ್ಲ. ಹೇಳಿ ಮುಗಿಯುವವರೆಗೆ ಸೌಭಾಗ್ಯಮ್ಮ ಹೊಲಿಗೆ ನಿಲ್ಲಿಸಲಿಲ್ಲ. ಆಮೇಲೆ ನೋಡಿದರೆ ತೋಳನ್ನು ತಲೆಕೆಳಗಾಗಿ ಹೊಲಿದಿದ್ದರು.

"ನಾನು ಅಜ್ಜಿ ಪಕ್ಕದಲ್ಲೇ ನಿಂತಿದ್ದೆ," ಎಂದರು. "ಕಲೆ ಎಲ್ಲಿದೆ ಅಂತ ಕೇಳಿದ್ರಿ ನೀವು. ನಂಗೆ ಆ ಮಾತೇ ಸರಿ ಅನ್ನಿಸ್ತು. ಅದನ್ನೇ ಅಜ್ಜಿಗೆ ದಾರಿಯುದ್ದಕ್ಕೂ ಹೇಳ್ದೆ. ಕಲೆ ಎಲ್ಲಜ್ಜಿ, ಕಲೆ ಎಲ್ಲಜ್ಜಿ ಅಂತ."

"ತಪ್ಪಾಯ್ತಮ್ಮ."

"ನಂಗ್ಯಾಕ್ ಹೇಳ್ತೀರಿ? ಅಜ್ಜಿಗೆ ಹೇಳ್ಬೇಕಿತ್ತು."

ಅಂಬಿಕಮ್ಮ ತಲೆ ತಗ್ಗಿಸಿದರು.

ರುಬಿನಾ ನಡುವೆ ಬಾಯಿ ಹಾಕಿ ಇನ್ನೊಂದು ಸಂಗತಿ ಹೇಳಿದರು. ಆ ವಾರ ಅವರು ಅಜ್ಜಿಯ ಮುಖ ಪಡೆದವರಿಗೆಲ್ಲ ಪತ್ರ ಬರೆದು, ಇದು ನಿಮ್ಮ ಅಜ್ಜಿಯಲ್ಲ, ಹಾಳೆಯನ್ನು ಹಿಂದಿರುಗಿಸಿ ಎಂದು ಕೇಳಿದ್ದರು. ಒಂದು ಹಾಳೆಯೂ ವಾಪಸು ಬಂದಿರಲಿಲ್ಲ. ಕಂಡಕ್ಟರ್ ಮಾತ್ರ ಫೋನ್ ಮಾಡಿದ್ದ. 'ವರ್ಷದಿಂದ ಹೂ ಹಾಕಿ ಕೈ ಮುಗಿದಿದ್ದೀವಿ ಮೇಡಂ, ಈಗ ಇಳಿಸೋಕಾಗಲ್ಲ. ಆ ತಾಯಿ ಹೆಸರೇನು ಅಂತ ಹೇಳಿ ಸಾಕು' ಎಂದಿದ್ದ.

ಸೌಭಾಗ್ಯಮ್ಮ ನಕ್ಕರು. ನಗುತ್ತಲೇ ಅಳುವೂ ಬಂತು. "ಕೇರೀಲಿ ಒಬ್ಬರೂ ನಂಬ್ಲಿಲ್ಲ. ಈಗ ಊರಿಗೆಲ್ಲ ಅಜ್ಜಿ ಆಗಿ ಕೂತಿದೆ ನೋಡಿ!" ಆಮೇಲೆ ಕಣ್ಣೊರೆಸಿಕೊಂಡು ಅಂಬಿಕಮ್ಮನ ಕಡೆ ತಿರುಗಿದರು. "ಹಾಗಾದ್ರೆ ಬರ್ಕೊಡಿ. ಈ ಸಲ ಸರಿಯಾಗಿ ಬರೀರಿ, ಕಲೆ ಸಮೇತ."

"ನಂಗೆ ನೆನಪಿಲ್ಲಮ್ಮ. ಯಂತ್ರದಲ್ಲೂ ಕೂತು ನೋಡ್ದೆ. ನನ್ನ ತಲೇಲೂ ಅವರಿಲ್ಲ."

"ನನ್ನ ತಲೇಲೂ ಇಲ್ಲ." ಸೌಭಾಗ್ಯಮ್ಮ ತಪ್ಪು ಹೊಲಿಗೆಯನ್ನು ಬಿಚ್ಚತೊಡಗಿದರು. ಕಣ್ಣು ಕೆಳಗಿರಲಿಲ್ಲ, ಬೆರಳೇ ದಾರ ಹುಡುಕುತ್ತಿತ್ತು. "ಕಣ್ಣಿಗೆ ಬರಲ್ಲ. ಆದ್ರೆ ದಿನಾ ಅಜ್ಜಿ ಕೆನ್ನೆ ಮೇಲೆ ಕೈ ಇಟ್ಕೊಂಡೇ ಮಲಗ್ತಿದ್ದೆ. ಆ ಕಲೆ ಅಂಚು ಮಡಚಿದ ಬಟ್ಟೆ ಥರ ದಪ್ಪಕ್ಕಿತ್ತು. ಈಗ್ಲೂ ಬೆರಳಿಗೆ ಗೊತ್ತು."

ರುಬಿನಾ ಕೂತಲ್ಲಿಂದ ಎದ್ದರು. "ಏನಂದ್ರಿ? ಇನ್ನೊಂದ್ಸಲ ಹೇಳಿ!"

ಯಂತ್ರ ಕಟ್ಟಿದವರಿಗೇ ಹೊಳೆಯದ ಸಂಗತಿ ಅದು. ಕಣ್ಣಿನ ನೆನಪು ಮೆದುಳಿನಲ್ಲಿ ಒಂದು ಕಡೆ ಇದ್ದರೆ ಸ್ಪರ್ಶದ ನೆನಪು ಇನ್ನೊಂದು ಕಡೆ ಇರುತ್ತದೆ. ಪಠ್ಯಪುಸ್ತಕದ ಅಜ್ಜಿ ಲಕ್ಷಾಂತರ ಮಕ್ಕಳ ಕಣ್ಣೊಳಗೆ ಹೊಕ್ಕು ಮನೆಯ ಅಜ್ಜಿಯರನ್ನು ಹೊರಗೆ ಹಾಕಿದ್ದಳು ನಿಜ. ಆದರೆ ನುಣುಪು ಕಾಗದದ ಮೇಲಿನ ಆಕೆಯನ್ನು ಮುಟ್ಟಿದರೆ ಬರೀ ಕಾಗದ. ಬೆರಳುಗಳೊಳಗೆ ಆಕೆ ಹೋಗಿರಲಾರಳು.

ಟೋಪಿಯ ತಂತಿಗಳನ್ನು ಬೇರೆ ಜಾಗಕ್ಕೆ ಕೂರಿಸಲು ರುಬಿನಾಗೆ ಹನ್ನೊಂದು ದಿನ ಬೇಕಾಯಿತು. ಹನ್ನೆರಡನೆಯ ದಿನ ಸೌಭಾಗ್ಯಮ್ಮ ಮತ್ತೆ ಕೂತರು. ಈ ಸಲ ನೋಡುವುದು ಬೇಡ, ಮುಟ್ಟಿ ಎಂದರು ರುಬಿನಾ. ಸೌಭಾಗ್ಯಮ್ಮನ ಬಲಗೈ ಗಾಳಿಯಲ್ಲಿ ಮೆಲ್ಲಗೆ ಸರಿಯಿತು. ಮುದ್ರಕದಿಂದ ಬಂದದ್ದು ಮುಖವಲ್ಲ. ಬೆಟ್ಟಗುಡ್ಡದ ನಕ್ಷೆಯ ಹಾಗೆ ಏರುತಗ್ಗುಗಳ ಗೆರೆಗಳು: ಒಳಗೆ ಹೋದ ಕೆನ್ನೆ, ಎದ್ದ ಮೂಳೆ, ಬೋಳು ಹಣೆ, ಹಲ್ಲಿಲ್ಲದ ಕಡೆ ಕುಸಿದ ತುಟಿ, ಕಿವಿಯ ಬುಡದಿಂದ ಬಾಯಿಯವರೆಗೆ ಒರಟು ಅಂಚಿನ ಕಲೆ.

ಆ ಗೆರೆಗಳನ್ನು ಮುಖ ಮಾಡುವ ಕೆಲಸ ಯಂತ್ರದಿಂದ ಆಗದು. ಅಂಬಿಕಮ್ಮ ಪೆನ್ಸಿಲ್ ಹಿಡಿದರು. ಕೈ ನಡುಗುವುದು ಶುರುವಾಗಿ ಎರಡು ವರ್ಷವಾಗಿತ್ತು. ಎಡಗೈಯಿಂದ ಬಲಗೈ ಹಿಡಿದುಕೊಂಡು ಬರೆದರು. ಎಷ್ಟೋ ಸಲ ಕೈ ತನ್ನಷ್ಟಕ್ಕೆ ತಾನೇ ಕೆನ್ನೆಯನ್ನು ದುಂಡಗೆ ಮಾಡಲು ಹೊರಟಿತು. ಆಗೆಲ್ಲ ಪಕ್ಕದಲ್ಲಿ ಕಣ್ಣುಮುಚ್ಚಿ ಕೂತಿದ್ದ ಸೌಭಾಗ್ಯಮ್ಮನನ್ನು ಕೇಳುತ್ತಿದ್ದರು. "ಇಲ್ಲಿ ಹೇಗಿತ್ತಮ್ಮ?" "ಗುಳಿ ಇತ್ತು. ಇನ್ನೂ ಒಳಗೆ." ನಾಲ್ಕನೆಯ ದಿನ ಮಧ್ಯಾಹ್ನ ಅಂಬಿಕಮ್ಮ ಪೆನ್ಸಿಲ್ ಕೆಳಗಿಟ್ಟರು.

ಸೌಭಾಗ್ಯಮ್ಮ ಕಣ್ಣು ತೆರೆದರು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಇದ್ಯಾರು ಮೇಡಂ?" ಎಂದರು ಸೌಭಾಗ್ಯಮ್ಮ. "ನಂಗೆ ಗುರುತೇ ಸಿಕ್ತಿಲ್ಲ."

ಅಂಬಿಕಮ್ಮನಿಗೂ ಗುರುತು ಸಿಕ್ಕಿರಲಿಲ್ಲ. ಒಂದು ಕಾಲಕ್ಕೆ ಆ ಮುಖವನ್ನು ಅರ್ಧ ಗಂಟೆ ಎವೆಯಿಕ್ಕದೆ ನೋಡಿದ ಕಣ್ಣುಗಳಿಗೆ ಅದು ಈಗ ಯಾವುದೋ ಬಸ್ಸಿನಲ್ಲಿ ಎದುರು ಕೂತ ಮುದುಕಿಯ ಮುಖದಂತಿತ್ತು. ತಾವು ಹೆರೆದದ್ದು ಬರೀ ಹಾಳೆಯನ್ನಲ್ಲ ಎಂದು ಅವರಿಗೆ ಆಗ ಪೂರ್ತಿ ಅರ್ಥವಾಯಿತು.

ಸೌಭಾಗ್ಯಮ್ಮ ಚಿತ್ರದ ಎಡಗೆನ್ನೆಯ ಮೇಲೆ ಬೆರಳಿಟ್ಟರು. ಅಲ್ಲಿ ಬರೀ ಕಾಗದ. ಬೆರಳು ತೆಗೆದು, ಹಾಳೆಯನ್ನು ಅಂಬಿಕಮ್ಮನ ಮುಂದೆ ಇಟ್ಟರು. "ಹೆಸರು ಬರ್ಕೊಡಿ."

ಅಭ್ಯಾಸಬಲದಿಂದ ಅಂಬಿಕಮ್ಮನ ಕೈ ಬಲಗಡೆಯ ಕೆಳಮೂಲೆಗೆ, ಮುನ್ನೂರು ಪುಸ್ತಕಗಳಲ್ಲಿ ಸಹಿ ಹಾಕಿದ ಜಾಗಕ್ಕೆ ಹೋಯಿತು.

"ನಿಮ್ದಲ್ಲ. ಅಜ್ಜೀದು."

ಅಂಬಿಕಮ್ಮ ನಡುಗುವ ಕೈಯಲ್ಲಿ 'ಚೌಡಮ್ಮ' ಎಂದು ಬರೆದರು. ಅಕ್ಷರಗಳು ಎರಡನೇ ತರಗತಿಯ ಮಗು ಬರೆದಂತೆ ಸೊಟ್ಟಗಿದ್ದವು. ಸೌಭಾಗ್ಯಮ್ಮ ಹಾಳೆಯನ್ನು ಸೀರೆಯ ತುಂಡೊಂದರಲ್ಲಿ ಸುತ್ತಿಕೊಂಡು ಎದ್ದಾಗ ಅಂಬಿಕಮ್ಮನಿಗೆ ಕೇಳದೆ ಇರಲಾಗಲಿಲ್ಲ.

"ಗುರುತೇ ಸಿಗದ ಚಿತ್ರ ತಗೊಂಡು ಏನ್ ಮಾಡ್ತೀಯಮ್ಮ?"

"ನಂಬ್ತೀನಿ," ಎಂದರು ಸೌಭಾಗ್ಯಮ್ಮ. "ಅವತ್ತು ಅಜ್ಜಿ ಬಾಯಿಬಿಟ್ಟು ಹೇಳ್ದಾಗ ನಂಬ್ಲಿಲ್ಲವಲ್ಲ. ಇವತ್ತು ನಂಬ್ತೀನಿ."